ಅವ್ವ ಹಂಡೆ ಉರುಳಿಸಿದ ದಿನ

ಅಮಾಸೆ ಬಂತೆಂದರೆ ನಮ್ಮವ್ವನಿಗೆ ಹಿಂದಿನ ದಿನದಿಂದಲೇ ತಲೆ ಕೆಡುತ್ತಿತ್ತು. ಆ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲ ಸುಮ್ಮನಿರುತ್ತದೆ, ಗಂಡಸರು ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಾರೆ. ಸೂಲಗಿತ್ತಿಯರು ಮಾತ್ರ ಸುಮ್ಮನಿರುತ್ತಿರಲಿಲ್ಲ, ನಮ್ಮ ಮನೆಗೆ ಬರುತ್ತಿದ್ದರು. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಆ ಸುತ್ತಿನಲ್ಲಿ ಹಿರಿಯ ಸೂಲಗಿತ್ತಿ. ನಮ್ಮೂರು ಕೂಡ್ಲಿಗಿ ಮತ್ತು ಹೊಸಹಳ್ಳಿ ನಡುವೆ ಎಲ್ಲೋ ಒಂದು ಕಡೆ. ಹೊರಗಿನವರು ಬಸ್ಸಿನಿಂದ ಇಳಿದರೆ ಇದೂ ಒಂದು ಊರಾ ಅನ್ನುವಂಥದ್ದು. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ದನಗಳು, ಆಮೇಲೆ ಮೆಟ್ಟಿಲೆತ್ತರದ ಪಡಸಾಲೆ, ಅದರ ಹಿಂದೆ ಕತ್ತಲೆಯ ನಡುಮನೆ, ಪಕ್ಕಕ್ಕೆ ಹೊಗೆ ಕುಡಿದು ಕಪ್ಪಾದ ಅಡುಗೆಮನೆ. ಆ ಪಡಸಾಲೆಯಲ್ಲಿ ಕಂಬಕ್ಕೊಬ್ಬರಂತೆ ಒರಗಿ ಕೂತು, ಎಲೆ ಅಡಿಕೆ ಜಗಿಯುತ್ತ, ಯಾವ ಊರಲ್ಲಿ ಯಾವ ಕೂಸು ಹೇಗೆ ಬಂತು ಅನ್ನುವುದನ್ನು ಬಿಚ್ಚುತ್ತಿದ್ದರು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವ್ವ ಸಿಟ್ಟಾದಷ್ಟೂ ರೊಟ್ಟಿ ತೆಳ್ಳಗಾಗುತ್ತಿದ್ದವು.

“ಹೆರೋರು ಯಾರೋ, ಹೆರಿಸೋರು ಯಾರೋ, ರೊಟ್ಟಿ ಬಡಿಯಾಕಿ ಮಾತ್ರ ನಾನು” ಅನ್ನುತ್ತಿದ್ದಳು, ಪಡಸಾಲೆಗೆ ಕೇಳಿಸುವ ಹಾಗೆ.

“ಹಿಟ್ಟಿನ ಪಲ್ಯಕ್ಕ ಉಪ್ಪು ಜಾಸ್ತಿ ಮಾಡಬ್ಯಾಡ” ಅನ್ನುತ್ತಿದ್ದಳು ಅಜ್ಜಿ, ಅಷ್ಟೇ ಗಟ್ಟಿಯಾಗಿ.

ಬರುವವರಲ್ಲಿ ಇಬ್ಬರು ಖಾಯಂ. ಹೊಸಹಳ್ಳಿ ಕಡೆಯಿಂದ ಕೊಟ್ರವ್ವ, ಎತ್ತರದ ಆಳು, ಮಾತಿಗೆ ಮುಂಚೆ ಕೈ ಎತ್ತುವವಳು. ನಮ್ಮೂರಿನವಳೇ ಆದ ಹುಲಿಗೆವ್ವ, ಕುಳ್ಳಿ, ಯಾರು ಏನು ಹೇಳಿದರೂ ನಂಬದವಳು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಒಪ್ಪಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಕೊಟ್ರವ್ವ ಪೊರೆಯೊಳಗೇ ಹುಟ್ಟಿದ ಕೂಸಿನ ಕಥೆ ತೆಗೆದಳು.

“ಚೀಲದಾಗ ಕಟ್ಟಿಟ್ಟಂಗ ಬಂತು ನೋಡ್ರಿ. ನೀರು ಒಡದಿಲ್ಲ, ಏನಿಲ್ಲ. ಒಳಗ ಕೂಸು ಕೈ ಆಡಸಾಕತ್ತಿತ್ತು. ಉಗುರಿಂದ ಹರದು ತೆಗದೆ.”

“ಉಗುರಿಂದ? ನಿನ್ನ ಉಗುರಾಗ ಸಗಣಿ ಇರ್ತೈತಿ” ಅಂದಳು ಹುಲಿಗೆವ್ವ.

“ನಿನ್ನ ಬಾಯಾಗ ಇರೋದಕಿಂತ ಕಡಿಮಿ ಬಿಡು.”

ಅಜ್ಜಿ ನಡುವೆ ಕೈ ಎತ್ತುತ್ತಿದ್ದಳು. “ಹಂಗಲ್ಲ” ಅನ್ನುವುದು ಅವಳ ಮಾತು. ಪೊರೆಯನ್ನು ಕೂಸಿನ ಮೂಗಿನ ಕಡೆಯಿಂದ ಹರಿಯಬೇಕು, ಕಾಲಿನ ಕಡೆಯಿಂದಲ್ಲ, ಇಲ್ಲದಿದ್ದರೆ ನೀರು ಕುಡಿದುಬಿಡುತ್ತದೆ ಎಂದು ಹೇಳಿ, ನನ್ನ ಕಡೆ ತಿರುಗಿ, “ಏಯ್, ನೀ ಒಳಗ ಹೋಗು” ಅನ್ನುತ್ತಿದ್ದಳು. ಕಥೆ ಎಲ್ಲಿ ಚೆನ್ನಾಗಿರುತ್ತದೋ ಅಲ್ಲೇ ನನ್ನನ್ನು ಎಬ್ಬಿಸುತ್ತಿದ್ದರು. ಕೊರಳಿಗೆ ಹೊಕ್ಕಳ ಬಳ್ಳಿ ಸುತ್ತಿಕೊಂಡು ಬಂದದ್ದು, ಹಲ್ಲು ಇಟ್ಟುಕೊಂಡೇ ಹುಟ್ಟಿದ್ದು, ಒಂದು ಬಂತು ಮುಗೀತು ಎಂದು ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಬಂದದ್ದು, ಇವೆಲ್ಲ ನನಗೆ ಅರ್ಧರ್ಧ ಗೊತ್ತು. ನಡುಮನೆಯ ಜೋಳದ ಚೀಲದ ಮೇಲೆ ಮಲಗಿ ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಅದಕ್ಕೇ ಏನೋ, ಇವತ್ತಿಗೂ ಯಾರಾದರೂ ಅರ್ಧ ಮಾತಾಡಿ ನಿಲ್ಲಿಸಿದರೆ ನನಗೆ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ.

ನನ್ನ ಮೊಮ್ಮಗಳು ಹಗರಿಬೊಮ್ಮನಹಳ್ಳಿಯಲ್ಲಿ ನರ್ಸಾಗಿದ್ದಾಳೆ. “ಅಜ್ಜಿ, ಆಗಿನ ಸೂಲಗಿತ್ತೇರಿಗೆ ಎಲ್ಲಾ ಗೊತ್ತಿತ್ತಂತಲ್ಲ, ಬರಿ” ಎಂದು ನನ್ನ ಕೈಗೆ ಪೆನ್ನು ಕೊಟ್ಟವಳು ಅವಳೇ. ನಾನು ಓದಿದ್ದು ಮೂರನೆಯ ಇಯತ್ತೆ, ಬರೆಯುವುದಕ್ಕೆ ಅಷ್ಟು ಸಾಕು. ಎಲ್ಲಾ ಗೊತ್ತಿತ್ತು ಅನ್ನುವುದು ಸುಳ್ಳು. ಏನೂ ಗೊತ್ತಿರಲಿಲ್ಲ ಅನ್ನುವವರನ್ನು ಕಂಡರೂ ನನಗೆ ಆಗುವುದಿಲ್ಲ. ಗೊತ್ತಿದ್ದದ್ದು ಗೊತ್ತಿತ್ತು, ಗೊತ್ತಿಲ್ಲದ್ದನ್ನು ಗೊತ್ತಿದ್ದಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದರು, ಅಷ್ಟೇ. ಅವರ ನಡುವೆ ಬೆಳೆದವಳಿಗೆ ಇದು ಬೇಗ ತಿಳಿಯುತ್ತದೆ. ನನಗೆ ತಿಳಿದದ್ದು ಗಂಗತ್ತೆಯ ಚೊಚ್ಚಲ ಹೆರಿಗೆಯಲ್ಲಿ.

ಗಂಗತ್ತೆ ಅಜ್ಜಿಯ ಕೊನೆಯ ಮಗಳು. ನನ್ನನ್ನು ಎತ್ತಿ ಆಡಿಸಿದವಳು, ನನ್ನ ತಲೆಯ ಹೇನು ತೆಗೆದವಳು. ಹರಪನಹಳ್ಳಿ ಕಡೆ ಕೊಟ್ಟಿದ್ದರು. ಬಸಿರಾಗಿ ತವರಿಗೆ ಬಂದಾಗ ಅವಳ ಮಾತು ಸ್ವಲ್ಪ ದಾವಣಗೆರೆ ಕಡೆಗೆ ವಾಲಿತ್ತು, “ಐತಿ” ಹೋಗಿ “ಐತೆ” ಆಗಿತ್ತು, ಅದಕ್ಕೇ ಅವ್ವ ಅವಳನ್ನು ದಿನವೂ ಆಡಿಕೊಳ್ಳುತ್ತಿದ್ದಳು. ಊರಿನ ಎಲ್ಲ ಬಸುರಿಯರ ಹೊಟ್ಟೆ ಮುಟ್ಟಿ ತಲೆ ಎಲ್ಲೈತಿ, ಕಾಲೆಲ್ಲೈತಿ ಎಂದು ಹೇಳುತ್ತಿದ್ದ ಅಜ್ಜಿ ಮಗಳ ಹೊಟ್ಟೆಗೆ ಕೈ ಹಚ್ಚಲಿಲ್ಲ. ನಮ್ಮಲ್ಲಿ ಒಂದು ಕಟ್ಟಳೆಯಿತ್ತು: ಹೆತ್ತ ಕೈ ಹೆರಿಸಬಾರದು. ಸೂಲಗಿತ್ತಿ ಯಾರ ಮನೆಗೆ ಬೇಕಾದರೂ ಹೋಗಬಹುದು, ತನ್ನ ಮಗಳ ಬ್ಯಾನೆಗೆ ಮಾತ್ರ ಪಡಸಾಲೆ ದಾಟಿ ಒಳಗೆ ಕಾಲಿಡಬಾರದು. ಕರುಳು ನಡುಗಿದರೆ ಕೈ ನಡುಗುತ್ತದೆ ಎಂದು. ಮಾತು ಸುಳ್ಳಲ್ಲ. ಆದರೆ ಬಾಯಿಗೂ ಒಂದು ಕಟ್ಟಳೆ ಹಾಕಿದ್ದರೆ ಚೆನ್ನಾಗಿತ್ತು.

ಎಂಟು ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಗಂಗತ್ತೆಗೆ ಬ್ಯಾನೆ ಶುರುವಾಯಿತು. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಪಡಸಾಲೆಯಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೆ. ನಾನು ಕೇಳಿದ್ದನ್ನು ಗಂಗತ್ತೆಯೂ ಕೇಳಿದ್ದಳು, ಅದೇ ಮನೆಯಲ್ಲಿ ಬೆಳೆದವಳಲ್ಲವೇ. ನಡುಮನೆಯಲ್ಲಿ ಗೋಡೆ ಹಿಡಿದು ನಿಂತವಳು ಒಂದೇ ಮಾತು ಕೇಳುತ್ತಿದ್ದಳು: “ವೈನಿ, ಇದು ಉಳಿತೈತೇನು?” ಅವ್ವ, “ಹಲ್ಲು ಕಚ್ಚಿ ನಿಲ್ಲು, ನೀರು ತರ್ತೀನಿ” ಎಂದು ಎರಡು ಕೊಡ ಎತ್ತಿಕೊಂಡು ಹೊರಟಳು. ಬಾವಿ ಊರಾಚೆ ಹಳ್ಳದ ದಂಡೆಗೆ. ಬೇಸಿಗೆ. ನಾನೂ ಒಂದು ತಂಬಿಗೆ ಹಿಡಿದು ಹಿಂದೆ ಓಡಿದೆ. ಹೋಗಿ ಬಂದು ಹೋಗಿ ಬಂದು ಅವ್ವ ಅಂಗಳದಲ್ಲಿ ಮೂರು ಕಲ್ಲಿನ ಮೇಲಿಟ್ಟ ದೊಡ್ಡ ಹಂಡೆಯನ್ನು ತುಂಬಿಸಿದಳು. ಕೆಳಗೆ ತೊಗರಿಕಟ್ಟಿಗೆ ಹಚ್ಚಿದಳು. ಅಷ್ಟರಲ್ಲಿ ಹುಲಿಗೆವ್ವ ಬಂದಿದ್ದಳು, ಅಪ್ಪ ಸೈಕಲ್ಲಿನ ಮೇಲೆ ಕೊಟ್ರವ್ವನನ್ನೂ ಕೂಡಿಸಿಕೊಂಡು ಬಂದ.

ಅಜ್ಜಿ ದನಗಳ ಪಕ್ಕ ಗೋಣಿ ಹಾಸಿಕೊಂಡು ಕೂತಳು. ಎದುರಿಗೆ ಎಮ್ಮೆ. ಎಮ್ಮೆಯ ಮುಖ ನೋಡುತ್ತಲೇ ಒಳಗಿನ ಹೆರಿಗೆ ಮಾಡಿಸತೊಡಗಿದಳು.

“ಕೊಟ್ರಿ, ಏನು ಬಂದೈತಿ?”

“ಕಾಲು ಬಂದೈತಿ ಯಕ್ಕಾ.”

“ಎಳಿಬ್ಯಾಡ! ತಾನ ಬರ್ಲಿ. ಎಳಿಬ್ಯಾಡ ಅಂದೆ!”

“ಯಾರು ಎಳಿಯಾಕತ್ಯಾರ? ನೀ ಬಾಯಿ ಮುಚ್ಚಿಕೊಂಡು ಕೂಡು.”

“ಬೆನ್ನು ಮ್ಯಾಲಾಗಿರಬೇಕು ನೋಡು. ಹೊಟ್ಟಿ ಮ್ಯಾಲಾದ್ರ ಗದ್ದ ಸಿಗಬೀಳ್ತೈತಿ.”

“ನನಗ ಹೇಳಾಕ ಬರ್ತಿಯೇನ? ಕೊಟ್ಟೂರು ಕಡಿ ನಾ ಎಷ್ಟು ಕಾಲ್ಗೂಸು ತೆಗದೀನಿ ಗೊತ್ತೈತೇನು?”

“ಎಷ್ಟು ಉಳದಾವು ಅದನ್ನ ಹೇಳು” ಅಂದದ್ದು ಹುಲಿಗೆವ್ವ, ಒಳಗಿನಿಂದಲೇ.

“ಯವ್ವಾ!” ಎಂದು ಗಂಗತ್ತೆ ಒಂದು ಸಲ ಕೂಗಿದಳು. “ನೀವೆಲ್ಲಾರೂ ಬಾಯಿ ಮುಚ್ಚಿರಿ! ಹೆರಾಕತ್ತಾಕಿ ನಾನು!”

ಅವಳ ದಾವಣಗೆರೆ ಮಾತು ಅಷ್ಟೊತ್ತಿಗೆ ಎಲ್ಲಿ ಹೋಗಿತ್ತೋ. ಕೂಸಿನ ಮೈ ಇಳಿಯಿತು, ಭುಜ ಇಳಿಯಿತು, ತಲೆ ಒಳಗೇ ನಿಂತಿತು. ಕೊಟ್ರವ್ವನ ಕೈ ಸೋತಿತ್ತು. ಹುಲಿಗೆವ್ವ ಅವಳನ್ನು ಪಕ್ಕಕ್ಕೆ ತಳ್ಳಿ, ಕೂಸನ್ನು ತನ್ನ ಮುಂಗೈ ಮೇಲೆ ಮಲಗಿಸಿಕೊಂಡು, ಬೆರಳನ್ನು ಅದರ ಕೆನ್ನೆಗೆ ಆನಿಸಿ ಮೆಲ್ಲಗೆ ತಲೆ ಬಾಗಿಸಿ ತೆಗೆದಳು ಎಂದು ಆಮೇಲೆ ನೂರು ಸಲ ಕೇಳಿದ್ದೇನೆ. ಆಗ ನನಗೆ ಕೇಳಿಸಿದ್ದು ಬೆಕ್ಕಿನ ಮರಿಯಂಥ ಒಂದು ದನಿ. ಹೆಣ್ಣು ಕೂಸು. ಮಾಸು ಬೀಳುವ ತನಕ ಕಾದು, ಬಳ್ಳಿ ಕೊಯ್ದು, ಮೊರದಲ್ಲಿ ಮಲಗಿಸಿ ಬೆಳಕಿಗೆ ತಂದಾಗ ನೋಡಿದೆ. ಮೊರದ ಒಂದು ಮೂಲೆಯೂ ತುಂಬಿರಲಿಲ್ಲ. ಮೈತುಂಬ ನವಿರು ಕೂದಲು, ಮುದುಕಿಯಂಥ ಮುಖ. ಅಜ್ಜಿ ಎದ್ದು ನಿಂತು, ಮೊರದ ಕಡೆ ನೋಡಿ, ಮತ್ತೆ ಕೂತಳು.

ಇಲ್ಲಿಗೆ ಸುಮ್ಮನಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಕೂಸಿಗೆ ಮೊದಲ ನೀರು ಹಾಕುವುದು ಹಿಡಿದ ಸೂಲಗಿತ್ತಿಯ ಹಕ್ಕು. ನೀರು ಹಾಕಿದವಳನ್ನು ಆ ಕೂಸು ಸಾಯುವ ತನಕ ಅವ್ವ ಎಂದೇ ಕರೆಯಬೇಕು, ತೊಟ್ಟಿಲಿಗೆ ಹಾಕುವ ದಿನ ಮೊದಲ ಉಡಿ ಅವಳಿಗೆ, ಆ ಕೂಸಿನ ಮದುವೆಯಲ್ಲಿ ಮೊದಲ ಕುಪ್ಪಸ ಅವಳಿಗೆ. ಈಗ ಇಲ್ಲಿ ಮೈ ಹಿಡಿದವಳು ಒಬ್ಬಳು, ತಲೆ ತೆಗೆದವಳು ಇನ್ನೊಬ್ಬಳು.

“ಕಾಲಿಂದ ಭುಜದ ತನಕ ನಾನು” ಅಂದಳು ಕೊಟ್ರವ್ವ. “ಕೂಸು ನಂದು.”

“ತಲಿ ಇಲ್ಲದ ಕೂಸೇನು ಅದು? ತಲಿ ಬರದಿದ್ರ ನಿನ್ನ ಕಾಲು ಭುಜ ಏನು ಮಾಡ್ತಿದ್ದಿ, ಸಾರು ಮಾಡ್ತಿದ್ದೇನು?”

ಕೂಸು ಮೊರದಲ್ಲಿ ಒದ್ದೆ ಮೈಯಲ್ಲಿ ಮಲಗಿತ್ತು. ಇಬ್ಬರೂ ನ್ಯಾಯಕ್ಕೆ ಅಜ್ಜಿಯ ಕಡೆ ನೋಡಿದರು. ಅಜ್ಜಿ ಎಮ್ಮೆಯ ಮುಂದೆ ಕೂತೇ ತೀರ್ಪು ಕೊಟ್ಟಳು: ಮೊದಲು ಕೊಟ್ರಿ ಹಾಕಲಿ, ಆಮೇಲೆ ಹುಲಿಗಿ ಹಾಕಲಿ, ಇಬ್ಬರದೂ ಆದ ಮೇಲೆ ಅಜ್ಜಿಯಾಗಿ ನಾನೂ ಒಂದು ಹಾಕುತ್ತೇನೆ, ಮೂರು ಕೈಯ ನೀರು ಬಿದ್ದರೆ ಎಂಟರ ಕೂಸೂ ಗಟ್ಟಿಯಾಗುತ್ತದೆ. ಎಂಥ ದೊಡ್ಡ ನ್ಯಾಯ! ಎಲ್ಲರಿಗೂ ಸಮಾಧಾನ. ಕೂಸನ್ನು ಒಬ್ಬರೂ ಕೇಳಲಿಲ್ಲ.

ಕೊಟ್ರವ್ವ ಅಂಗಳದ ಬಚ್ಚಲ ಬಾಗಿಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು ನೀರು ಹಾಕಿದಳು. ಎಣ್ಣೆ ತಿಕ್ಕಿದಳು, ಮೂಗು ತೀಡಿದಳು, ತಲೆ ಒತ್ತಿದಳು, ಮತ್ತೆ ಹಾಕಿದಳು. ಮೊದಮೊದಲು ಅದು ಮಿಯಾಂವ್ ಅನ್ನುತ್ತಿತ್ತು. ಆಮೇಲೆ ಅನ್ನಲಿಲ್ಲ. ಹುಲಿಗೆವ್ವ ಆಗಲೇ ಸೀರೆ ಎತ್ತಿ ಕಟ್ಟಿ, ಕಾಲು ಚಾಚಿ, “ತಾ ಇಲ್ಲಿ” ಎಂದು ಕೈ ಒಡ್ಡಿದ್ದಳು. ನನಗೆ ಕೂಸಿನ ತುಟಿ ಕಂಡಿತು. ನೇರಳೆ ಹಣ್ಣು ತಿಂದ ಬಾಯಿ ಇರುತ್ತದಲ್ಲ, ಆ ಬಣ್ಣ. “ಅವ್ವಾ, ಬಾಯಿ ನೋಡು” ಅಂದೆ. ಅವ್ವ ಆಗ ತಾನೇ ಮತ್ತೊಂದು ಸಲ ಬಾವಿಗೆ ಹೋಗಿ ಬಂದು ಕೊಡ ಇಳಿಸುತ್ತಿದ್ದಳು. ಸಿಂಬಿ ಇನ್ನೂ ತಲೆಯ ಮೇಲೇ ಇತ್ತು.

“ನೀರು ಬ್ಯಾಗ ತಾ ಅಂದ್ರ ನಿಂತಗೊಂಡಿಯಲ್ಲ” ಅಂದಳು ಹುಲಿಗೆವ್ವ.

ಅವ್ವ ಕೂಸನ್ನು ನೋಡಿದಳು. ಮೂವರು ಹೆಂಗಸರನ್ನೂ ನೋಡಿದಳು. ಸೆರಗನ್ನು ಎರಡೂ ಕೈಗೆ ಸುತ್ತಿಕೊಂಡು, ಹಂಡೆಯ ಕಂಠ ಹಿಡಿದು, ಹ್ಞಾ ಎಂದು ನೂಕಿದಳು. ಹಂಡೆ ಕಲ್ಲಿನ ಮೇಲಿಂದ ಉರುಳಿತು. ಬೆಂಕಿ ಭುಸ್ಸೆಂದು ಆರಿತು. ಬೆಳಗಿನಿಂದ ಹೊತ್ತ ನೀರೆಲ್ಲ ಅಂಗಳ ಹಾದು, ಹೊಸ್ತಿಲ ಸಂದಿಯಿಂದ ದನದ ಕಡೆ ಹರಿದು ಬಂತು. ಅಜ್ಜಿ ಗೋಣಿಯ ಮೇಲೆ ಕಾಲು ಮೇಲಕ್ಕೆತ್ತಿಕೊಂಡಳು. ತಂದಿಟ್ಟ ಕೊಡಗಳನ್ನೂ ಅವ್ವ ಒಂದೊಂದಾಗಿ ಕಾಲಿನಿಂದ ಕೆಡವಿದಳು.

“ನೀರಿಲ್ಲ” ಅಂದಳು. “ಬೇಕಾದೋರು ಬಾವಿಗೆ ಹೋಗ್ರಿ.”

ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಹಾಲು ಚೆಲ್ಲಿದರೂ ಕ್ಷಮಿಸುತ್ತಾರೆ. ಅಜ್ಜಿಯ ಬಾಯಿಂದ ಆ ದಿನ ಬಂದ ಮಾತುಗಳನ್ನು ಬರೆಯುವುದಿಲ್ಲ, ಮೊಮ್ಮಗಳು ಓದುತ್ತಾಳೆ. ಮನೆ ಮುಳುಗಿಸಿದಿ, ಬಾಣಂತಿ ಮನೆಯಲ್ಲಿ ನೀರು ಚೆಲ್ಲಿದಿ, ಕೂಸಿಗೆ ಏನಾದರೂ ಆದರೆ ನಿನ್ನ ತಲೆ ಮೇಲೆ ಅನ್ನುವುದು ಅದರಲ್ಲಿ ಸಣ್ಣದು. ಕೊಟ್ರವ್ವ ಹುಲಿಗೆವ್ವ ಮೊದಲ ಸಲ ಒಂದಾಗಿ, ಕೂತಲ್ಲಿಂದಲೇ, ಅವ್ವನ ಮೇಲೆ ಬಾಯಿ ಮಾಡಿದರು. ಅವ್ವ ನೇರ ಬಚ್ಚಲ ಬಾಗಿಲಿಗೆ ನಡೆದಳು. ಕೊಟ್ರವ್ವನ ಕಾಲ ಮೇಲಿಂದ ಕೂಸನ್ನು ಎತ್ತಿ, ತನ್ನ ಸೆರಗಿನಿಂದಲೇ ಒರೆಸಿ, ಒಳಗೆ ಹೋಗಿ ಗಂಗತ್ತೆಯ ಕುಪ್ಪಸದ ಗಂಟು ಬಿಚ್ಚಿ ಎದೆಯ ಮೇಲೆ ಇಟ್ಟುಬಿಟ್ಟಳು. ಮೇಲೆ ಕಂಬಳಿ ಎಳೆದಳು.

“ಹಿಡಕೋ. ಬಿಡಬ್ಯಾಡ.”

“ಯಾರಿಗೂ ಕೊಡಂಗಿಲ್ಲ” ಅಂದಳು ಗಂಗತ್ತೆ, ಗೋಡೆಯ ಕಡೆ ತಿರುಗಿ ಮಲಗಿ. ಆಮೇಲೆ ಹೇಳಿದ ಹಾಗೇ ಮಾಡಿದಳು. ಅಜ್ಜಿ ಬಂದು ಕೈ ಚಾಚಿದರೂ ಕೊಡಲಿಲ್ಲ.

ಅವ್ವ ಅದನ್ನು ತಿಳಿದು ಮಾಡಿದಳೋ, ಹೊತ್ತು ಹೊತ್ತು ಸಾಕಾಗಿ ಮಾಡಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದಕ್ಕೆ, “ಸಿಟ್ಟು ಬಂದಿತ್ತು” ಅಂದಳು. “ಕೂಸು ನೋಡಿ ಸಿಟ್ಟು ಬಂತೋ, ನೀರು ನೋಡಿ ಬಂತೋ?” ಅಂದರೆ, “ಎಲ್ಲಾ ನೋಡಿ” ಅಂದಳು.

ಆ ಮೇಲಿನ ದಿನಗಳು ನಮ್ಮ ಮನೆಯಲ್ಲಿ ನಡೆದವು ಅನ್ನುವುದಕ್ಕಿಂತ ತೆವಳಿದವು. ಕೂಸಿಗೆ ಹೆಸರಿಲ್ಲ. ಉಳಿಯುತ್ತದೆಯೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರೂ ನಡುಮನೆಯ ಬಾಗಿಲಲ್ಲಿ ಒಂದು ಸಲ ನಿಂತು ಕಿವಿಗೊಟ್ಟು ಹೋಗುತ್ತಿದ್ದರು. ಮೊಲೆ ಚೀಪುವ ಶಕ್ತಿ ಅದಕ್ಕಿರಲಿಲ್ಲ. ಗಂಗತ್ತೆ ಹಾಲು ಹಿಂಡಿ, ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ತುಟಿಗೆ ಹಚ್ಚುತ್ತಿದ್ದಳು. ಒಂದು ಹನಿ ನುಂಗಿದರೆ ಅವ್ವನನ್ನು ಕೂಗುತ್ತಿದ್ದಳು. ಅವಳು ಎದ್ದು ಬಚ್ಚಲಿಗೆ ಹೋಗುವಾಗ ಅವ್ವ ಕೂಸನ್ನು ತನ್ನ ಕುಪ್ಪಸದೊಳಗೆ ಇಟ್ಟುಕೊಂಡು ಒಲೆಯ ಮುಂದೆ ಕೂಡುತ್ತಿದ್ದಳು. ಕೂಸಿಗೆ ಹಿಂದಿನಿಂದಲೂ ಕಾವು ಇರಲಿ ಎಂದು ನನ್ನನ್ನು ಗಂಗತ್ತೆಯ ಪಕ್ಕ ಒತ್ತಿ ಮಲಗಿಸುತ್ತಿದ್ದರು. ಬೇಸಿಗೆಯ ಮಧ್ಯಾಹ್ನ, ಗಾಳಿಯಿಲ್ಲದ ನಡುಮನೆ, ಕಂಬಳಿ, ಎಣ್ಣೆ ವಾಸನೆ. ಮೈಯೆಲ್ಲ ಬೆವರುಸಾಲೆ ಎದ್ದಿತ್ತು. ತಮ್ಮಂದಿರು ಹೊರಗೆ ಆಡುವುದು ಕೇಳುತ್ತಿತ್ತು. ಆ ಕೂಸಿನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅದು ಉಸಿರಾಡುವುದು ಒಂದು ಗಳಿಗೆ ನಿಂತಂತಾದಾಗ ನಾನೇ ಅದರ ಅಂಗಾಲು ಚಿವುಟುತ್ತಿದ್ದೆ. ಮತ್ತೆ ಉಸಿರು ಎಳೆಯುತ್ತಿತ್ತು. ಇಷ್ಟು ಬೆವರಿಸಿದ ಮೇಲೆ ಸಾಯುವುದಕ್ಕೆ ನಾನು ಬಿಡುವವಳಲ್ಲ.

ಅಜ್ಜಿ ಅವ್ವನ ಜೊತೆ ಮಾತು ಬಿಟ್ಟಿದ್ದಳು. ಉಪ್ಪು ಬೇಕಿದ್ದರೆ ನನಗೆ ಹೇಳುತ್ತಿದ್ದಳು, ಅವ್ವ ಎದುರಿಗೇ ಇದ್ದರೂ. “ನಿಮ್ಮವ್ವಗ ಹೇಳು, ಸಾರು ನೀರು ನೀರಾಗೈತಿ. ಅಂಗಳದಾಗ ಚೆಲ್ಲಾಕ ಬರ್ತೈತಿ, ಸಾರಿಗೆ ಕಡಿಮಿ ಹಾಕಾಕ ಬರಂಗಿಲ್ಲ.” “ನಿಮ್ಮಜ್ಜಿಗೆ ಹೇಳು, ಉಣ್ಣದಿದ್ರ ಬಿಡಂತ.” ನನಗೆ ಇಬ್ಬರ ಮೇಲೂ ಬೇಸರ. ಹೀಗೇ ಇರುವಾಗ ಒಂದು ದಿನ ಕೂಸು ಬತ್ತಿಯನ್ನು ಕಚ್ಚಿ ಎಳೆಯಿತು. ಗಂಗತ್ತೆ ಅಳಲಿಲ್ಲ, ನಗಲಿಲ್ಲ. ಬತ್ತಿ ಅತ್ತ ಒಗೆದು, ಕೂಸನ್ನು ಮೊಲೆಗೆ ಹಚ್ಚಿ, “ಈಗ ನೀರು ಕಾಸ್ರಿ” ಅಂದಳು. ಆ ಸ್ನಾನ ಮಾಡಿಸಿದ್ದು ಅವಳೇ, ಬಾಗಿಲು ಹಾಕಿಕೊಂಡು.

ಮುಂದೆ ಒಂದು ಅಮಾಸೆಗೆ ಕೂಸು ತುಂಬಿಕೊಂಡು ತೊಟ್ಟಿಲಲ್ಲಿತ್ತು. ಪಡಸಾಲೆಯಲ್ಲಿ ಅದೇ ಮಾತು. ತನ್ನ ಕೈಯ ಎಣ್ಣೆಯಿಂದ ಉಳಿಯಿತು ಎಂದು ಕೊಟ್ರವ್ವ, ತಲೆ ಬಾಗಿಸಿ ತೆಗೆದದ್ದರಿಂದ ಉಳಿಯಿತು ಎಂದು ಹುಲಿಗೆವ್ವ. ಹಂಡೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಬಾಯಿ ತೆರೆದೆ. ಅಜ್ಜಿ, “ಏಯ್, ನೀ ಒಳಗ ಹೋಗು” ಅಂದಳು. ಅಡುಗೆಮನೆಗೆ ಹೋಗಿ ಅವ್ವನ ಮೇಲೆ ಹಾರಾಡಿದೆ, ನೀನಾದರೂ ಹೇಳಬಾರದೇ ಎಂದು. ಅವ್ವ, “ಹೇಳಿದ್ರ ರೊಟ್ಟಿ ತಾವ ಬೇಯ್ತಾವೇನು? ಹಂಚು ನೋಡು” ಅಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಲೋಣಿಯ ಒಂದು ಮನೆಯಿಂದ ಕರೆ ಬಂತು. ಸೊಸೆಗೆ ದಿನ ತುಂಬದೆ ಹೆರಿಗೆಯಾಗಿದೆ, ಕೂಸು ಅಂಗೈಯಷ್ಟಿದೆ ಎಂದು. ಅಜ್ಜಿ ಹೊರಟಳು, ಮಾತಿಲ್ಲದಿದ್ದರೂ ಅವ್ವನಿಗೆ ಬಾ ಎಂದು ಕೈ ಮಾಡಿದಳು. ನಾನು ಕರೆಯದೆ ಹೋದೆ. ಆ ಮನೆಯ ಮುದುಕಿಯರು ಆಗಲೇ ನೀರು ಕಾಯಿಸಿ, ಮಣೆ ಹಾಕಿ ಕಾಯುತ್ತಿದ್ದರು. ಅಜ್ಜಿ ಮಣೆಯನ್ನು ಕಾಲಿನಿಂದ ಸರಿಸಿದಳು. ಕೂಸನ್ನು ಒರೆಸಿ, ತಾಯಿಯ ಎದೆಗೆ ಹಾಕಿ, ಕೌದಿ ಹೊದಿಸಿದಳು.

“ನೀರು ಹಾಕದ ಕೂಸನ್ನ ತಾಯಿ ಮೈಗೆ ಹಚ್ಚತಾರೇನು? ಇದ್ಯಾವ ಪದ್ಧತಿ?” ಅಂದಳು ಒಬ್ಬ ಮುದುಕಿ.

“ನಮ್ಮ ಮನಿತನದ ಪದ್ಧತಿ” ಅಂದಳು ಅಜ್ಜಿ, ಮುಖದ ಮೇಲೆ ಒಂದು ಗೆರೆ ಆಚೀಚೆಯಾಗದೆ. “ಸಣ್ಣ ಕೂಸಿಗೆ ನಾವು ನೀರು ತೋರಸಂಗಿಲ್ಲ. ನಮ್ಮತ್ತಿ ಕಾಲದಿಂದ ಹಿಂಗ ಐತಿ. ಅದು ಮೊಲಿ ಎಳಿಯೋ ತನಕ ಯಾರರ ಹಂಡಿ ಹಚ್ಚಿದ್ರ ನಾ ಈ ಮನಿ ಹೊಸ್ತಿಲು ತುಳಿಯಂಗಿಲ್ಲ.”

ಮುದುಕಿಯರು ಅತ್ತೆಯ ಹೆಸರು ಬಂದ ಕೂಡಲೇ ತಲೆ ಬಾಗಿಸಿದರು. ಒಬ್ಬಳು ಎದ್ದು ಒಲೆಯ ಕೊಳ್ಳಿ ಹೊರಗೆಳೆದು ಆರಿಸಿದಳು. ನನಗೆ ಮೈ ಉರಿದುಹೋಯಿತು. ಹಸಿ ಹಸಿ ಸುಳ್ಳು! ಅವ್ವನ ಕಡೆ ನೋಡಿದೆ. ಅವಳು ಬಾಣಂತಿಯ ಕಾಲಿಗೆ ಕೌದಿ ಸರಿಮಾಡುತ್ತಿದ್ದಳು.

ವಾಪಸು ಬರುವಾಗ ಓಣಿಯಲ್ಲಿ ಕೆಸರು. ಅಜ್ಜಿ ಮುಂದೆ, ಅವ್ವ ಹಿಂದೆ, ನಾನು ಅವ್ವನ ಸೆರಗು ಹಿಡಿದು. ಅರ್ಧ ದಾರಿಗೆ ಅವ್ವನೇ ಮಾತು ತೆಗೆದಳು, ನನ್ನ ಮೂಲಕವಲ್ಲ, ನೇರವಾಗಿ.

“ಅತ್ತಿ, ನಿಮ್ಮತ್ತಿ ಯಾವಾಗ ಹಂಗ ಮಾಡಿದ್ರು?”

ಅಜ್ಜಿ ತಿರುಗಿ ನೋಡಲಿಲ್ಲ. ಕೆಸರಲ್ಲಿ ಕಾಲು ಊರುವ ಜಾಗ ಹುಡುಕುತ್ತ, “ಸೊಸಿ ಮಾಡಿದ್ಲು ಅಂದ್ರ ಆ ಮುದುಕೇರು ಬೆಂಕಿ ಆರಸ್ತಿದ್ರೇನು?” ಅಂದಳು.

ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಕೆಸರು ದಾಟಿದಳು.

“ಇಲ್ಲ” ಅಂದಳು. ಆಮೇಲೆ ಕೇಳಿದಳು, “ಆ ಕೂಸು ಉಳಿತೈತೇನ್ರಿ?”

“ಮೈ ಬೆಚ್ಚಗೈತಿ” ಅಂದಳು ಅಜ್ಜಿ. “ನೋಡೋಣು. ನಾಳಿ ನೀನೂ ಬಾ.”